ಸದ್ದಿಲ್ಲದ ಮನೆಯಲ್ಲಿ ಕಟ್ಟಿದ ಮದ್ದಳೆ

"ಮನೆಯಲ್ಲಿ ಮನಸ್ಸು ಒಂದು ಗಳಿಗೆಯೂ ನಿಲ್ಲುವುದಿಲ್ಲ, ಬುದ್ಧಿ. ಮಠಕ್ಕೆ ಬಂದು ಇದ್ದುಬಿಡಲೇ?"

ಶಿವಮಲ್ಲಪ್ಪ ಹೀಗೆ ಕೇಳಿದಾಗ ಹಿರಿಯ ಸ್ವಾಮಿಗಳು ಮಠದ ಜಗಲಿಯಲ್ಲಿ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೇಳಿದವನ ಪಕ್ಕದಲ್ಲಿ ಒಂದು ಬಟ್ಟೆಗಂಟು ಇತ್ತು. ಸ್ವಾಮಿಗಳು ಮೊದಲು ಗಂಟನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು.

"ಮನೆಯಲ್ಲಿ ಹೇಳಿ ಬಂದೆಯೋ?"

"ಹೇಳಿದೆ ಬುದ್ಧಿ. ಅವಳು ಏನೂ ಅನ್ನಲಿಲ್ಲ."

"ಏನೂ ಅನ್ನಲಿಲ್ಲವೋ! ಹಾಗಾದರೆ ಬಹಳ ಅಂದಿದ್ದಾಳೆ."

ಶಿವಮಲ್ಲಪ್ಪ ತಲೆ ತಗ್ಗಿಸಿದ. ಅವನಿಗೆ ಇಬ್ಬರು ಮಕ್ಕಳು. ಮಗಳಿಗೆ ಮೂರು ವರ್ಷ. ಮಗ ಈಗಷ್ಟೇ ಗೋಡೆ ಬಿಟ್ಟು ನಡೆಯಲು ಕಲಿತಿದ್ದ. ಸ್ವಾಮಿಗಳು ಹೇಳಿಕೊಟ್ಟಂತೆ ಬೆಳಗ್ಗೆ ಎದ್ದು ಕಣ್ಣು ಮುಚ್ಚಿ ಕೂತರೆ ಮಗಳು ಬಂದು ಬೆರಳಿನಿಂದ ಅವನ ರೆಪ್ಪೆ ಎತ್ತಿ, "ಅಪ್ಪಾ, ಒಳಗೆ ಯಾರಿದ್ದಾರೆ?" ಎಂದು ಕೇಳುತ್ತಿದ್ದಳು. ಅವಳನ್ನು ಅತ್ತ ಕಳಿಸುವಷ್ಟರಲ್ಲಿ ಮಗ ವಿಭೂತಿ ಗಟ್ಟಿಯನ್ನು ಕಚ್ಚಿ ಬಾಯೆಲ್ಲ ಬೆಳ್ಳಗೆ ಮಾಡಿಕೊಂಡು ನಗುತ್ತಿದ್ದ. ಒಬ್ಬರು ಮಲಗಿದರೆ ಇನ್ನೊಬ್ಬರು ಎಬ್ಬಿಸುತ್ತಿದ್ದರು. ಇಷ್ಟನ್ನೂ ಅವನು ಸಹಿಸಿದ್ದ. ಆದರೆ ಇವತ್ತು ಬೆಳಗ್ಗೆ ಬೇರೆಯೇ ಒಂದು ನಡೆದಿತ್ತು.

"ಇವತ್ತು ಮಗಳ ಮೇಲೆ ಕೈ ಎತ್ತಿಬಿಟ್ಟೆ ಬುದ್ಧಿ. ಹೊಡೆಯಲಿಲ್ಲ. ಎತ್ತಿದ ಕೈ ನೋಡಿ ಮಗು ಕಣ್ಣು ಮುಚ್ಚಿಕೊಂಡಿತು. ನನಗೆ ನನ್ನ ಕೈ ಕಂಡೇ ಭಯವಾಯಿತು. ಮನಸ್ಸು ಒಂದು ಹದಕ್ಕೆ ಬರುವ ತನಕ ದೂರವಿದ್ದು, ಆಮೇಲೆ ಒಳ್ಳೆಯ ಅಪ್ಪನಾಗಿ ಹಿಂದಿರುಗುತ್ತೇನೆ. ಅಪ್ಪಣೆ ಕೊಡಬೇಕು."

ಸ್ವಾಮಿಗಳು ಅಪ್ಪಣೆಯನ್ನೂ ಕೊಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹುಣಿಸೆಹಣ್ಣಿನ ಮೊರವನ್ನು ಅವನ ಕಡೆಗೆ ಅರ್ಧ ತಳ್ಳಿದರು.

"ಕೈ ಕಂಡು ಭಯವಾದರೆ ಅದಕ್ಕೆ ಕೆಲಸ ಕೊಡು. ಬೀಜ ಬಿಡಿಸುತ್ತಾ ಕೇಳು. ಒಂದು ಕತೆ ಹೇಳುತ್ತೇನೆ. ನಡುವೆ ಎದ್ದು ಹೋಗಬೇಡ. ಹೋಗುವುದಾದರೆ ನಿನ್ನ ಗಂಟನ್ನೂ ಎತ್ತಿಕೊಂಡು ಹೋಗು, ಅದನ್ನು ಕಾಯುವವರು ಇಲ್ಲಿ ಯಾರೂ ಇಲ್ಲ."

ಒಂದೂರಿನಲ್ಲಿ ಒಬ್ಬ ಮದ್ದಳೆ ಕಟ್ಟುವವನಿದ್ದ. ಅವನಪ್ಪನೂ ಮದ್ದಳೆ ಕಟ್ಟುವವನೇ. ಅಪ್ಪ ತೀರಿಕೊಂಡ ಮೇಲೆ ಉಳಿ, ಬಾರು, ಅರೆಯುವ ಕಲ್ಲು ಎಲ್ಲವೂ ಇವನ ಕೈಗೆ ಬಂದವು. ಸುತ್ತಲ ಊರುಗಳಲ್ಲಿ ಬಯಲಾಟ ಆಡುವವರು ಮದ್ದಳೆ ಬೇಕೆಂದರೆ ಈ ಮನೆಗೇ ಬರುತ್ತಿದ್ದರು. ಇವನು ಕಟ್ಟಿದ ಮದ್ದಳೆಯ ಮೇಲೂ ದೂರು ಬಂದಿರಲಿಲ್ಲ.

ಮದ್ದಳೆ ಕಟ್ಟುವುದೆಂದರೆ ಏನು ಗೊತ್ತೇ? ಮರ ಕೊರೆಯುವುದು ದೊಡ್ಡ ಕೆಲಸವಲ್ಲ. ಚರ್ಮ ಹೊದಿಸಿ ಬಾರು ಬಿಗಿಯುವುದೂ ಕಲಿತರೆ ಬರುತ್ತದೆ. ಕಷ್ಟವಿರುವುದು ನಡುವಿನ ಕರಿ ಬೊಟ್ಟಿನಲ್ಲಿ. ಅದಕ್ಕೆ ಕರಣೆ ಎನ್ನುತ್ತಾರೆ. ಮೆತ್ತಗೆ ಬೆಂದ ಅನ್ನಕ್ಕೆ ಕಬ್ಬಿಣದ ಕಿಟ್ಟದ ಪುಡಿ ಹಾಕಿ ಅರೆದು, ತೆಳುವಾಗಿ ಹಚ್ಚಬೇಕು. ಒಣಗಲು ಬಿಡಬೇಕು. ನುಣುಪು ಕಲ್ಲಿನಿಂದ ತಿಕ್ಕಬೇಕು. ಬಡಿದು ಕಿವಿಗೊಟ್ಟು ಕೇಳಬೇಕು. ಸರಿಯಿಲ್ಲವೆಂದರೆ ಮತ್ತೆ ಹಚ್ಚಬೇಕು, ಮತ್ತೆ ತಿಕ್ಕಬೇಕು, ಮತ್ತೆ ಕೇಳಬೇಕು. ಎಲ್ಲವೂ ಕಿವಿಯ ಮೇಲೆ ನಿಂತಿರುವ ಕೆಲಸ.

ಇಂಥ ಕಿವಿಯವನ ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದವು. ನಿನ್ನ ಮನೆಯಲ್ಲಿರುವ ಹಾಗೆಯೇ ಅನ್ನು. ದೊಡ್ಡದು ಹೆಣ್ಣು. ಅದಕ್ಕೆ ಸೌಟು ಸಿಕ್ಕರೆ ಸಾಕು, ತಟ್ಟೆ, ಕೊಡ, ಕಂಬ, ತಮ್ಮನ ತಲೆ, ಎಲ್ಲವೂ ಮದ್ದಳೆಯೇ. ಚಿಕ್ಕದು ಗಂಡು. ಕಂಕುಳಿಂದ ಇಳಿಸಿದರೆ ಕಿರಿಚುತ್ತಿತ್ತು, ಎತ್ತಿಕೊಂಡರೆ ಇಳಿಯಬೇಕೆಂದು ಒದೆಯುತ್ತಿತ್ತು. ಅದರ ತಾಯಿ ರಾಗಿ ಸರಿಯ ಬಟ್ಟಲು ಹಿಡಿದು ಅಂಗಳವೆಲ್ಲ ಸುತ್ತುತ್ತಿದ್ದಳು. ಒಂದು ತುತ್ತು ಕಾಗೆಗೆ, ಒಂದು ತುತ್ತು ಹಸುವಿಗೆ ಎಂದು ರಮಿಸಿದರೂ ಕೂಸು ಬಾಯಿ ಬಿಗಿದುಕೊಳ್ಳುತ್ತಿತ್ತು. ಅವಳು ಸೋತು ಬಟ್ಟಲು ಕೆಳಗಿಟ್ಟರೆ, ಅತ್ತ ಅಪ್ಪ ಅರೆದಿಟ್ಟ ಕರಣೆಗೆ ಕೈ ಹಾಕಿ ಗಬಗಬನೆ ತಿನ್ನುತ್ತಿತ್ತು. ಅದೂ ಅನ್ನವೇ ತಾನೆ! ಬಾಯಿ, ಮೂಗು, ಕೈ ಎಲ್ಲ ಕರ್ರಗೆ.

ಶಿವಮಲ್ಲಪ್ಪನಿಗೆ ನಗು ತಡೆಯಲಾಗಲಿಲ್ಲ.

"ನಗು, ನಗು. ನಿನ್ನ ಮಗನ ಬಾಯಿ ಬೆಳ್ಳಗೆ, ಅವನ ಮಗನ ಬಾಯಿ ಕರ್ರಗೆ. ಬೇರೆ ಏನೂ ವ್ಯತ್ಯಾಸವಿಲ್ಲ."

ಒಣಗಲು ಹಾಕಿದ ಚರ್ಮದ ಮೇಲೆ ಕೂಸು ಉಚ್ಚೆ ಹೊಯ್ದ ದಿನವೂ ಇತ್ತು. ಮದ್ದಳೆ ಕಟ್ಟುವವನು ಅವತ್ತು ಅರಚಾಡಿ ಬಾರನ್ನು ಬಿಸಾಡಿ ಹೊರಗೆ ಹೋದ. ಸಂಜೆ ಬಂದು ನೋಡಿದರೆ ಕೂಸು ಉರುಳಿಬಿದ್ದ ಮದ್ದಳೆಯನ್ನು ಎರಡೂ ಅಂಗೈಯಲ್ಲಿ ಬಡಿಯುತ್ತಿತ್ತು, ಅಕ್ಕ ಲಂಗ ಎತ್ತಿ ಹಿಡಿದು ಕುಣಿಯುತ್ತಿದ್ದಳು. ಅವನೂ ಕೂತು ನಕ್ಕ. ಆ ಮನೆಯಲ್ಲಿ ದಿನ ಹೀಗೇ ಸಾಗುತ್ತಿತ್ತು. ಬೆಳಗಿನ ಸಿಟ್ಟು ಮಧ್ಯಾಹ್ನಕ್ಕೆ ಉಳಿಯುತ್ತಿರಲಿಲ್ಲ, ಮಧ್ಯಾಹ್ನದ ನಗು ಸಂಜೆಗೆ ಉಳಿಯುತ್ತಿರಲಿಲ್ಲ.

ಗಲಾಟೆಯ ನಡುವೆ ಬಡಿದರೆ ಸದ್ದು ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದರೆ ಅವನು ಕರಣೆ ಕೆರೆದು ತೆಗೆದು ಮತ್ತೆ ಹಚ್ಚುತ್ತಿದ್ದ. ಬಾರು ಇನ್ನೂ ಬಿಗಿಯುತ್ತಿದ್ದ. ಇನ್ನೂ ಜೋರಾಗಿ ಬಡಿದು ನೋಡುತ್ತಿದ್ದ. ಒಂದು ಕೆಲಸಕ್ಕೆ ಎರಡು ಕೆಲಸ. ಈ ಮಕ್ಕಳಿಲ್ಲದಿದ್ದರೆ ನನ್ನ ಮದ್ದಳೆ ಇನ್ನೆಷ್ಟು ಚೆನ್ನಾಗಿರುತ್ತಿತ್ತೋ ಎಂದು ಹಲ್ಲು ಕಚ್ಚುತ್ತಿದ್ದ.

ಹೀಗಿರುವಾಗ ಒಂದು ದಿನ ಮೇಳದ ಹಿರಿಯ ಮದ್ದಳೆಗಾರ ಅವನ ಮನೆಗೆ ಬಂದ. ಕೈಯಲ್ಲಿ ಒಂದು ಹಳೆಯ ಮದ್ದಳೆ. ಅದು ಇವನಪ್ಪ ಕಟ್ಟಿದ್ದು. ಮರ ಸೀಳು ಬಿಟ್ಟಿತ್ತು.

"ಇದಕ್ಕೆ ವಯಸ್ಸಾಯಿತು ಕಣಪ್ಪ. ಸುಗ್ಗಿ ಮುಗಿದ ಮೇಲೆ ನಮ್ಮ ಆಟವಿದೆ. ಅಷ್ಟರೊಳಗೆ ಇಂಥದ್ದೇ ಇನ್ನೊಂದು ಕಟ್ಟಿಕೊಡು. ನಿಮ್ಮಪ್ಪನ ಮದ್ದಳೆ ಕೂತವರಲ್ಲಿ ಕಡೆಯವನಿಗೂ ಕೇಳಿಸುತ್ತಿತ್ತು. ನಿನ್ನದೂ ಕೇಳಿಸಬೇಕು."

ಮದ್ದಳೆ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಮಾತು ಬೇರೆ ಇರಲಿಲ್ಲ. ಅಪ್ಪನ ಮದ್ದಳೆ ಇದ್ದ ಜಾಗದಲ್ಲಿ ತನ್ನದು ಕೂರಬೇಕು. ಕೆಟ್ಟರೆ ಜನ ಹೇಳುವುದು ಒಂದೇ ಮಾತು, ಅಪ್ಪನ ಕೈ ಮಗನಿಗೆ ಬರಲಿಲ್ಲ ಎಂದು. ಈ ಮಾತು ಕೇಳುವುದಕ್ಕಿಂತ ಉಳಿ ಬಿಸಾಡಿ ಕೂಲಿಗೆ ಹೋಗುವುದು ಮೇಲು ಎಂದು ಅವನಿಗೆ ಅನ್ನಿಸಿತು.

ಅವನು ಹೆಂಡತಿಯನ್ನು ಕರೆದ. "ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗು. ಮದ್ದಳೆ ಮುಗಿದ ಮೇಲೆ ನಾನೇ ಬಂದು ಕರೆತರುತ್ತೇನೆ. ಈ ಗಲಾಟೆಯಲ್ಲಿ ನನ್ನ ಕೈಯಲ್ಲಿ ಆಗುವುದಿಲ್ಲ."

ಅವಳು ಬಟ್ಟೆ ಮಡಿಸುತ್ತಿದ್ದವಳು ಅವನ ಮುಖ ನೋಡಿದಳು. "ಗಲಾಟೆ ನಿಮಗೊಬ್ಬರಿಗೇ ಕೇಳಿಸುತ್ತದೆಯೇ? ನಿಮಗೆ ಸಾಕಾದರೆ ನನ್ನ ತವರಿಗೆ ಕಳಿಸುತ್ತೀರಿ. ನನಗೆ ಸಾಕಾದರೆ ನಾನು ಯಾರ ಮನೆಗೆ ಕಳಿಸಲಿ?"

ಅವನು ಉಳಿಯನ್ನು ಕಲ್ಲಿಗೆ ಮಸೆಯತೊಡಗಿದ. ಅವಳು ಮಗನನ್ನು ಕಂಕುಳಿಗೆ ಏರಿಸಿಕೊಂಡು, ಮಗಳ ಕೈ ಹಿಡಿದು ಹೊರಟಳು. ಮಗಳು ಅಪ್ಪನೂ ಬರಬೇಕೆಂದು ಹಟ ಹಿಡಿದಾಗ, "ನೀವು ಸದ್ದು ಮಾಡುತ್ತೀರಲ್ಲ, ಅಪ್ಪನ ಮದ್ದಳೆ ಕೆಟ್ಟುಹೋಗುತ್ತದೆ" ಎಂದು ಅವನೇ ಹೇಳಿ ಕಳಿಸಿದ.

ಶಿವಮಲ್ಲಪ್ಪನ ಕೈ ಮೊರದ ಮೇಲೆ ನಿಂತುಬಿಟ್ಟಿತ್ತು. ಅವನ ಹೆಂಡತಿ ಬೆಳಗ್ಗೆ ಒಂದು ಮಾತೂ ಆಡಿರಲಿಲ್ಲ. ಅವನ ಒಗೆದ ಬಟ್ಟೆಗಳನ್ನು ತಾನೇ ಮಡಿಸಿ ಗಂಟಿನೊಳಗೆ ಇಟ್ಟಿದ್ದಳು.

"ಬೀಜ," ಎಂದರು ಸ್ವಾಮಿಗಳು. ಅವನು ಮತ್ತೆ ಬಿಡಿಸತೊಡಗಿದ.

ಮನೆ ಖಾಲಿಯಾಯಿತು. ಮೊದಲ ದಿನ ಅವನು ಬಾಗಿಲು ಹಾಕಿ ಸುಮ್ಮನೆ ಕೂತ. ಆಹಾ, ಎಂಥ ಸುಖ! ಅಳುವವರಿಲ್ಲ, ಎಳೆಯುವವರಿಲ್ಲ, ಅಪ್ಪಾ ಅಪ್ಪಾ ಎನ್ನುವವರಿಲ್ಲ. ಮಕ್ಕಳ ಸದ್ದು ಹೋದ ಮೇಲೆ ಗುಬ್ಬಿಗಳ ಸದ್ದು ಕೇಳಿಸಿತು. ಗುಬ್ಬಿಗಳನ್ನು ಓಡಿಸಿದ. ಆಮೇಲೆ ಹಸುವಿನ ಗಂಟೆ ಕೇಳಿಸಿತು. ಗಂಟೆಯೊಳಗೆ ಬಟ್ಟೆ ತುರುಕಿದ. ಆಮೇಲೆ ಪಕ್ಕದ ಮನೆಯ ಮುದುಕಿ ಕೆಮ್ಮಿದಳು. ಅವಳಿಗೆ ಏನು ತುರುಕುವುದು? ಕಿಟಕಿ ಮುಚ್ಚಿಕೊಂಡ.

ಮುಚ್ಚಿದ ಕೋಣೆಯಲ್ಲಿ ಕೂತು ಮದ್ದಳೆ ಕಟ್ಟಿದ. ಬೆರಳ ತುದಿ ತಾಗಿದರೂ ನುಡಿಯಬೇಕೆಂದು ತೆಳುವಾದ ಚರ್ಮ ಹೊದಿಸಿದ. ಬಾರನ್ನು ಹಗುರವಾಗಿ ಬಿಗಿದ. ಕರಣೆಯನ್ನು ಒಂದೊಂದೇ ಪದರವಾಗಿ ಹಚ್ಚಿ, ಒಣಗಿಸಿ, ತಿಕ್ಕಿ, ಕಿವಿ ಹತ್ತಿರ ತಂದು ಕೇಳಿದ. ಜೋರಾಗಿ ಬಡಿಯುವ ಅಗತ್ಯವೇ ಬೀಳಲಿಲ್ಲ. ಕೆರೆದು ತೆಗೆಯುವ ಅಗತ್ಯವೂ ಬೀಳಲಿಲ್ಲ. ಕೆಲಸ ಮುಗಿದ ದಿನ ಉಂಗುರದ ಬೆರಳಿನಿಂದ ಒಂದು ಸಲ ತಟ್ಟಿದ. ನಾದ ಎದ್ದಿತು, ಕೋಣೆಯೆಲ್ಲ ತುಂಬಿತು, ಬಹಳ ಹೊತ್ತು ನಿಂತಿತು. ಇಷ್ಟು ಚೆನ್ನಾಗಿ ಅವನು ಎಂದೂ ಕಟ್ಟಿರಲಿಲ್ಲ. ಅವನಿಗೆ ಕಣ್ಣಲ್ಲಿ ನೀರು ಬಂತು. ಮಕ್ಕಳನ್ನು ಕಳಿಸಿದ್ದೇ ಒಳ್ಳೆಯದಾಯಿತು ಎಂದುಕೊಂಡ.

ಆಟದ ದಿನ ಬಂತು. ಆಟವೆಂದರೆ ಬಯಲಿನಲ್ಲಿ. ದೀಪ ಹಚ್ಚುವ ಹೊತ್ತಿಗೆ ಜನ ಸೇರಿದರು. ಮುಂದಿನ ಸಾಲಿನಲ್ಲಿ ಯಾರು ಕೂರುತ್ತಾರೆ? ಮಕ್ಕಳು. ಅವುಗಳ ಹಿಂದೆ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಂದಿರು. ಒಂದು ಅಳುತ್ತದೆ, ಒಂದು ನೀರು ಕೇಳುತ್ತದೆ, ಒಂದನ್ನು ಪಕ್ಕದ್ದು ಚಿವುಟುತ್ತದೆ. ಅತ್ತ ಬೋಂಡ ಕರಿಯುವವನು ಕೂಗುತ್ತಾನೆ. ಇತ್ತ ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಾರೆ. ಮದ್ದಳೆ ಕಟ್ಟುವವನು ಎಲ್ಲರಿಗಿಂತ ಹಿಂದೆ ಹೋಗಿ ನಿಂತ, ಕಡೆಯವನಿಗೆ ಕೇಳಿಸುವುದನ್ನು ತಾನೇ ಕೇಳಬೇಕೆಂದು.

ಮದ್ದಳೆಗಾರ ಕೈ ಇಟ್ಟ. ಹಿಂದೆ ನಿಂತವನಿಗೆ ಏನೂ ಕೇಳಿಸಲಿಲ್ಲ. ಇನ್ನೂ ಶುರುವಾಗಿಲ್ಲವೇನೋ ಎಂದುಕೊಂಡ. ನೋಡಿದರೆ ಮದ್ದಳೆಗಾರನ ಎರಡೂ ಕೈ ಆಡುತ್ತಿವೆ. ಇವನು ನಾಲ್ಕು ಸಾಲು ಮುಂದೆ ಬಂದ, ಆಗಲೂ ಕೇಳಿಸಲಿಲ್ಲ. ಅಷ್ಟರಲ್ಲಿ ರಾಕ್ಷಸನ ವೇಷ ರಂಗಕ್ಕೆ ಬಂತು. ಪೆಟ್ಟು ಕೇಳಿಸದೆ ರಾಕ್ಷಸ ಹೆಜ್ಜೆ ತಪ್ಪಿದ, ತನ್ನ ಗದೆಯನ್ನು ತಾನೇ ಎಡವಿದ. ಜನ ಗೊಳ್ಳೆಂದು ನಕ್ಕರು. ಮದ್ದಳೆಗಾರ ಬಲವಾಗಿ ಬಡಿದ. ತೆಳುವಾದ ಚರ್ಮ ಅಷ್ಟು ಪೆಟ್ಟು ತಾಳದೆ ಬದ್ ಬದ್ ಎಂದು ಮಂಕು ಸದ್ದು ಕೊಟ್ಟಿತು.

ಕಡೆಗೆ ಮೇಳದವರು ಆ ಹಳೆಯ ಒಡಕು ಮದ್ದಳೆಯನ್ನೇ ತಂದರು. ಸೀಳಿಗೆ ಹಗ್ಗ ಬಿಗಿದು ನುಡಿಸಿದರು. ಅದು ಒಡಕು ದನಿಯಲ್ಲಿಯೇ ಕಡೆಯವನಿಗೂ ಕೇಳಿಸಿತು. ಆಟ ನಡೆಯಿತು. ಮದ್ದಳೆ ಕಟ್ಟುವವನು ಮುಖ ಎತ್ತಲಿಲ್ಲ.

ಬೆಳಗ್ಗೆ ಹಿರಿಯ ಮದ್ದಳೆಗಾರ ಹೊಸ ಮದ್ದಳೆಯನ್ನು ಹಿಂದಕ್ಕೆ ತಂದು ಜಗಲಿಯ ಮೇಲೆ ಇಟ್ಟ. ಇವನು ಕೇಳಿದ, "ನಾನು ಎಲ್ಲಿ ತಪ್ಪಿದೆ ಯಜಮಾನರೇ? ಮನೆಯಲ್ಲಿ ಎಷ್ಟು ಚೆನ್ನಾಗಿ ನುಡಿಯಿತು! ನಮ್ಮಪ್ಪನ ಹಾಗೆ ಒಂದು ದಿನವೂ ಬಿಡದೆ ಮೈ ಬಗ್ಗಿಸಿದೆ. ಇನ್ನೂ ಹೆಚ್ಚು ಶಾಂತವಾಗಿ ಕೂತು ಕಟ್ಟಿದೆ."

ಹಿರಿಯನಿಗೆ ಸಿಟ್ಟಿರಲಿಲ್ಲ. ಬೇಸರವಿತ್ತು. "ನಿಮ್ಮಪ್ಪ ಆ ಮದ್ದಳೆಗೆ ಕರಣೆ ಹಚ್ಚುವಾಗ ನಾನು ಇದೇ ಜಗಲಿಯಲ್ಲಿ ಕೂತಿದ್ದೆ. ಅವನ ಬೆನ್ನ ಮೇಲೆ ಒಂದು ಕೂಸು ಜೋತುಬಿದ್ದು ಅರಚುತ್ತಿತ್ತು. ಅಬ್ಬಬ್ಬಾ, ಏನು ಗಂಟಲು! ಅದನ್ನು ಯಾರಿಗಾದರೂ ಕೊಡೋ ಎಂದೆ. ಕೇಳಲಿಲ್ಲ. ಅದು ಅರಚುತ್ತಲೇ ಇತ್ತು, ಇವನು ಬಡಿದು ಬಡಿದು ನೋಡುತ್ತಲೇ ಇದ್ದ. ಆ ಅರಚಾಟವನ್ನು ದಾಟಿ ಕೇಳಿಸುವ ತನಕ ಬಿಡಲಿಲ್ಲ. ಆ ಕೂಸು ಯಾರೆಂದು ನಿನಗೆ ಬೇರೆ ಹೇಳಬೇಕೇ?"

ಮದ್ದಳೆ ಕಟ್ಟುವವನು ಹೊಸ ಮದ್ದಳೆಯನ್ನು ಮುಟ್ಟಲಿಲ್ಲ. ಹಸುವಿನ ಗಂಟೆಯೊಳಗಿನ ಬಟ್ಟೆ ಕಿತ್ತು ಹಾಕಿ, ಹಾಗೆಯೇ ಹೆಂಡತಿಯ ತವರಿಗೆ ನಡೆದ.

ಅಂಗಳದಲ್ಲಿ ಮಗ ಓಡಾಡುತ್ತಿದ್ದ. ಕಳಿಸುವಾಗ ಗೋಡೆ ಹಿಡಿದು ನಿಲ್ಲುತ್ತಿದ್ದ ಕೂಸು ಈಗ ಕೋಳಿ ಅಟ್ಟುತ್ತಿತ್ತು. ಅದರ ಮೊದಲ ಹೆಜ್ಜೆಯನ್ನು ಅವನು ನೋಡಿರಲಿಲ್ಲ. ಬಾ ಎಂದು ಕೈ ಚಾಚಿದರೆ ಅಪರಿಚಿತನನ್ನು ಕಂಡಂತೆ ಓಡಿ ತಾಯಿಯ ಸೀರೆಯ ಹಿಂದೆ ಅಡಗಿತು. ಮಗಳು ಮಾತ್ರ ಹತ್ತಿರ ಬಂದಳು. ಓಡಿ ಬರಲಿಲ್ಲ, ಮೆಲ್ಲಗೆ ಕಾಲೂರಿ ಬಂದಳು. ಅವನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

"ಅಪ್ಪಾ, ಮದ್ದಳೆ ಮುಗಿಯಿತಾ? ಈಗ ಮಾತಾಡಬಹುದಾ?"

ಸ್ವಾಮಿಗಳು ಮೊರದಲ್ಲಿ ಉಳಿದಿದ್ದ ಹಣ್ಣನ್ನು ಒಂದು ಕಡೆಗೆ ಒಟ್ಟಿದರು. ಶಿವಮಲ್ಲಪ್ಪ ಕಣ್ಣು ಒರೆಸಿಕೊಳ್ಳಲು ಹೋಗಿ, ಕೈಯಲ್ಲಿ ಹುಣಿಸೆ ಇದ್ದದ್ದು ನೆನಪಾಗಿ ತೋಳಿನಿಂದ ಒರೆಸಿಕೊಂಡ.

ಮದ್ದಳೆ ಕಟ್ಟುವವನ ಹೆಂಡತಿ ಕೂಡಲೇ ಹೊರಡಲಿಲ್ಲ. ಯಾಕೆ ಹೊರಡಬೇಕು? "ಮುಂದಿನ ಮದ್ದಳೆಗೂ ಹೀಗೇ ಕಳಿಸುವುದಾದರೆ ಈಗಲೇ ಹೇಳಿ, ನಾವು ಇಲ್ಲೇ ಇರುತ್ತೇವೆ. ಮಕ್ಕಳಿಗೆ ಹೋಗಿ ಬಂದು ಅಭ್ಯಾಸವಾಗುವುದು ಬೇಡ" ಎಂದಳು. ಅವನು ಮಾತು ಕೊಡಲಿಲ್ಲ. ಮಾತು ಕೊಟ್ಟರೆ ಅವಳು ನಂಬುತ್ತಲೂ ಇರಲಿಲ್ಲ. ಒಲೆಯ ಪಕ್ಕದಲ್ಲಿದ್ದ ರಾಗಿ ಸರಿಯ ಬಟ್ಟಲು ಎತ್ತಿಕೊಂಡು ಮಗನ ಹಿಂದೆ ಅಂಗಳ ಸುತ್ತತೊಡಗಿದ. ಕೂಸು ಬಾಯಿ ಬಿಗಿದುಕೊಂಡಿತು. ಒಂದು ತುತ್ತು ಉಗಿಯಿತು. ಇನ್ನೊಂದನ್ನು ಅವನ ಅಂಗಿಗೆ ಬಳಿಯಿತು. ಅವನು ಸುತ್ತುತ್ತಲೇ ಇದ್ದ. ಬಿಸಿಲು ಇಳಿಯುವ ಹೊತ್ತಿಗೆ ಬಟ್ಟಲು ಖಾಲಿಯಾಯಿತು. ಅರ್ಧ ಕೂಸಿನ ಹೊಟ್ಟೆಗೆ, ಅರ್ಧ ಅವನ ಮೈಗೆ. ಅವಳು ಅದನ್ನು ನೋಡಿ ಬಟ್ಟೆಗಂಟು ಕಟ್ಟಿದಳು.

ಮನೆಗೆ ಬಂದ ಮರುದಿನ ಅವನು ಹೊಸ ಮದ್ದಳೆಯ ಕರಣೆ ಕೆರೆದ. ತೆಳುವಾದ ಚರ್ಮ ಬಿಚ್ಚಿದ, ದಪ್ಪನೆಯದು ಹೊದಿಸಿದ. ಮಗ ಬೆನ್ನು ಹತ್ತಿ ಕೂದಲು ಹಿಡಿದು ಎಳೆಯುತ್ತಿದ್ದ. ಮಗಳು ಸೌಟು ಹುಡುಕಿ ತಂದು ಕೊಡದ ಮೇಲೆ ಬಡಿಯುತ್ತಿದ್ದಳು. ಅವನು ಒಂದು ಪೆಟ್ಟು ಹಾಕಿ ಕಿವಿಗೊಟ್ಟ. ಕೇಳಿಸಲಿಲ್ಲ. ಬಾರು ಬಿಗಿದು ಮತ್ತೆ ಹಾಕಿದ.

"ಅಷ್ಟೇ ಕತೆ," ಎಂದು ಸ್ವಾಮಿಗಳು ಮೊರವನ್ನು ಎತ್ತಿ ಪಕ್ಕಕ್ಕೆ ಇಟ್ಟರು.

ಶಿವಮಲ್ಲಪ್ಪ ಕಾದ. ಅವರು ಮುಂದೆ ಹೇಳುವಂತೆ ಕಾಣಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಆಮೇಲೆ ಆ ಮದ್ದಳೆ ನುಡಿಯಿತೇ, ಬುದ್ಧಿ?"

ಸ್ವಾಮಿಗಳು ಎದ್ದು ನಿಂತು, ಅವನ ಗಂಟನ್ನು ಎತ್ತಿ ಅವನ ಮಡಿಲಿಗೆ ಹಾಕಿದರು.

"ಈ ಜಗಲಿಯಲ್ಲಿ ನಿನ್ನ ಮನಸ್ಸು ನಿಂತೀತು ಮಲ್ಲಪ್ಪ, ಆದರೆ ನಿಂತ ಮನಸ್ಸನ್ನು ಆಮೇಲೆ ಯಾವ ಮನೆಗೆ ಒಯ್ಯುತ್ತೀ?"

ಶಿವಮಲ್ಲಪ್ಪ ಹುಣಿಸೆ ಅಂಟಿದ ಕೈಯಲ್ಲೇ ಗಂಟನ್ನು ಎತ್ತಿಕೊಂಡು ಮನೆಯ ಕಡೆಗೆ ಹೊರಟ.